ಹಳೇ ಅಂಬಾಸಿಡರ್ ಆಯಿಲ್ ಸೋರಿದರೆ ಇಂಜಿನ್ ಇಳಿಸಲೇಬೇಕಾ?

ನಿಮ್ಮ ತಾತನ 1972ರ ಪೆಟ್ರೋಲ್ ಅಂಬಾಸಿಡರ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಹೌಸಿಂಗ್ ಕೆಳಗೆ ಅಂಗೈಯಗಲ ಆಯಿಲ್ ಬಿದ್ದಿರುತ್ತದೆ. ಮೆಕ್ಯಾನಿಕ್ ‘ಹಿಂದಿನ ಸೀಲ್ ಹೋಗಿದೆ, ಇಂಜಿನ್ ಇಳಿಸಬೇಕು’ ಅಂದಿದ್ದಾರೆ. ಇಳಿಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಮೊದಲನೆಯದಾಗಿ, ಆ ಇಂಜಿನ್‌ಗೆ ಹಿಂದೆ ರಬ್ಬರ್ ಸೀಲೇ ಇಲ್ಲ. ಅದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್, 1489 ಸಿಸಿ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಸ್ಕ್ರೂ ಥರ ಮರೆ (ಸುರುಳಿ ಗೆರೆ) ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗುವಾಗ ಆ ಮರೆ ಆಯಿಲನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಇಂಜಿನ್ ನಿಂತಾಗ ಎಳೆಯುವವರಿಲ್ಲ, ಒಂದೆರಡು ಹನಿ ಹೊರಗೆ ಬರುತ್ತದೆ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಜಾಸ್ತಿ. ಹೊಸದರಲ್ಲೂ ಅದರ ಗುಣ ಹಾಗೇ.

ಆದರೆ ಅಂಗೈಯಗಲ ಅಂದರೆ ಒಂದೆರಡು ಹನಿಯಲ್ಲ. ನನ್ನ ಅನುಮಾನ ಬೇರೆ ಕಡೆ.

ನಮ್ಮ ಅಪ್ಪನ ಗಾಡಿಯಲ್ಲೂ ಇದೇ ಕಥೆ. ನಾನು ಎರಡು ಸಲ ಇಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ ಪ್ಯಾಕಿಂಗ್ ಬದಲಾಯಿಸಿದೆ. ಮೈಯೆಲ್ಲ ಕಪ್ಪು, ಸೋರಿಕೆ ಮಾತ್ರ ಹಾಗೇ ಇತ್ತು. ಕೊನೆಗೆ ನೋಡಿದರೆ ಆಯಿಲ್ ಬರುತ್ತಿದ್ದದ್ದು ಒಂದಡಿ ಮೇಲಿನಿಂದ! ಡ್ರೈವರ್ ಸೀಟಿನಿಂದ ನೋಡಿದರೆ ಇಂಜಿನ್ನಿನ ಎಡಗಡೆ, ಹೊಗೆ ಹೊರಹೋಗುವ ಸೈಲೆನ್ಸರ್ ಮ್ಯಾನಿಫೋಲ್ಡ್ ಕೆಳಗೆ ಎರಡು ತಗಡಿನ ಮುಚ್ಚಳ ಇವೆ. ಅದರೊಳಗೆ ವಾಲ್ವ್‌ಗಳನ್ನು ಆಡಿಸುವ ಟ್ಯಾಪೆಟ್ ಇರುತ್ತವೆ. ಹಿಂದಿನ ಮುಚ್ಚಳದ ಕಾರ್ಕ್ ಪ್ಯಾಕಿಂಗ್ ಒಣಗಿ ಹಪ್ಪಳವಾಗಿತ್ತು. ಅಲ್ಲಿಂದ ಇಳಿದ ಆಯಿಲ್ ಬ್ಲಾಕ್ ಹಿಡಿದು ಚೇಂಬರಿನ ಅಂಚಿಗೆ ಬಂದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಕ್ಲಚ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತಿತ್ತು. ಕೆಳಗೆ ಮಲಗಿ ನೋಡಿದವರು ಯಾರೇ ಆದರೂ ಹಿಂದಿನ ಸೀಲ್ ಅಂತಲೇ ಹೇಳುತ್ತಿದ್ದರು. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನಲ್ಲ.

ಹೀಗೆ ಮಾಡಿ. ತಣ್ಣಗಿರುವ ಇಂಜಿನ್ನನ್ನು ಸೀಮೆಎಣ್ಣೆ ಮತ್ತು ಬ್ರಷ್ ಹಾಕಿ ಚೆನ್ನಾಗಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸೀಮೆಎಣ್ಣೆ ವಾಸನೆ ಇರುವಾಗ ಸ್ಟಾರ್ಟ್ ಮಾಡಬೇಡಿ. ಆಮೇಲೆ ಮಕ್ಕಳಿಗೆ ಹಾಕುವ ಪೌಡರ್ ಇದೆಯಲ್ಲ, ಅದನ್ನು ಬ್ಲಾಕಿನ ಪಕ್ಕಕ್ಕೆ, ಚೇಂಬರ್ ಅಂಚಿಗೆ ಉದುರಿಸಿ. ಹದಿನೈದು ನಿಮಿಷ ನಿಂತಲ್ಲೇ ಓಡಿಸಿ, ಆಫ್ ಮಾಡಿ ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಕಳ್ಳ. ಯಾವಾಗಲೂ ಮೇಲಿನಿಂದ ಕೆಳಕ್ಕೆ ಹುಡುಕಿ. ಗಾಡಿ ಕೆಳಗೆ ಹೋಗಲೇಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಕಲ್ಲಿಡಿ.

ಪ್ಯಾಕಿಂಗ್ ಮುಟ್ಟುವ ಮುಂಚೆ ಬ್ರೀದರ್ ನೋಡಿ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮುಂದಿನ ಟ್ಯಾಪೆಟ್ ಮುಚ್ಚಳದಿಂದ ಒಂದು ಪೈಪ್ ಹೊರಬರುತ್ತದೆ. ಪಿಸ್ಟನ್ ಪಕ್ಕದಿಂದ ನುಸುಳಿದ ಗ್ಯಾಸ್ ಹೊರಹೋಗುವ ದಾರಿ ಅದು. ಮಡ್ಡಿ ಕಟ್ಟಿ ಅದು ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ. ಆಗ ಆಯಿಲ್ ಎಲ್ಲೆಲ್ಲಿ ಸಂದು ಸಿಗುತ್ತದೋ ಅಲ್ಲೆಲ್ಲ ನುಗ್ಗುತ್ತದೆ, ಹಿಂದಿನ ಮರೆಯಲ್ಲೂ ಸಹ. ಪೈಪ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಹಾಕಿ ಮಡ್ಡಿ ತೆಗೆಯಿರಿ. ಪೈಪ್ ಸರಿಯಿದ್ದೂ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ ಅಂತ ಲೆಕ್ಕ. ಅದು ಬೇರೆಯೇ ಖರ್ಚು.

ಇನ್ನು ಆ ಟ್ಯಾಪೆಟ್ ಮುಚ್ಚಳದ ಕೆಲಸ. ಮ್ಯಾನಿಫೋಲ್ಡ್ ಬಿಚ್ಚಿದರೆ ಕೈ ಆರಾಮಾಗಿ ಹೋಗುತ್ತದೆ. ಮುಚ್ಚಳವನ್ನು ಒಂದು ಗಾಜಿನ ಮೇಲಿಟ್ಟು ನೋಡಿ. ಸೋರುತ್ತಿದೆ ಅಂತ ಹಿಂದಿನವರು ಬೋಲ್ಟ್ ಬಿಗಿದು ಬಿಗಿದು ತಗಡು ನಡುವೆ ಗುಳಿ ಬಿದ್ದಿರುತ್ತದೆ. ಹಾಗಾದರೆ ಅಂಚು ಕೂರುವುದೇ ಇಲ್ಲ. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ನಿಧಾನಕ್ಕೆ ತಟ್ಟಿ ಸಮ ಮಾಡಿ. ಕಾರ್ಕನ್ನು ಮುಚ್ಚಳದ ಕಡೆ ಮಾತ್ರ ಅಂಟಿಸಿ, ಬ್ಲಾಕ್ ಕಡೆಗೆ ತೆಳ್ಳಗೆ ಗ್ರೀಸ್ ಸವರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಕ್ ಕುಗ್ಗಿರುತ್ತದೆ, ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಮೆತ್ತಗಾಗುತ್ತದೆ. ಬೋಲ್ಟ್ ಕೈಯಲ್ಲಿ ಕೂರಿಸಿ, ಸ್ಪ್ಯಾನರಿನಲ್ಲಿ ಒಂದು ಚೂರು ಒತ್ತಿ, ಅಷ್ಟೇ. ಕಾರ್ಕ್ ಪಕ್ಕಕ್ಕೆ ಉಬ್ಬಿತು ಅಂದರೆ ಜಾಸ್ತಿಯಾಯ್ತು. ಇಂಜಿನ್ ತಲೆಯ ಮೇಲಿನ ಕವರಿನ ಎರಡು ನಟ್‌ಗೂ ಇದೇ ಮಾತು.

ಪೌಡರ್ ಬಲಗಡೆ ಒದ್ದೆಯಾಗಿದ್ದರೆ ಆಯಿಲ್ ಫಿಲ್ಟರ್ ನೋಡಿ. ಬಟ್ಟಲಿನ ಥರದ ಹಳೇ ಫಿಲ್ಟರ್ ಆಗಿದ್ದರೆ ಮೇಲಿನ ತೋಡಿನಲ್ಲಿ ಒಂದು ರಬ್ಬರ್ ರಿಂಗ್ ಕೂತಿರುತ್ತದೆ. ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದು ಹಾಕಿರುವುದನ್ನು ನಾನೇ ಕಂಡಿದ್ದೇನೆ. ಪಿನ್ನಿನಲ್ಲಿ ಕೆದಕಿ ತೆಗೆಯಿರಿ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಆಯಿಲ್ ತುಂಬಬೇಡಿ. ಗ್ರೇಡ್ 20ಡಬ್ಲ್ಯು50 ಸಾಕು.

ಇಷ್ಟೆಲ್ಲ ಮಾಡಿ, ಮೇಲೆಲ್ಲ ಒಣಗಿದ್ದು, ಆಯಿಲ್ ಬರೀ ಕ್ಲಚ್ ಹೌಸಿಂಗ್ ತಳದ ತೂತಿನಿಂದಲೇ ಧಾರಾಳವಾಗಿ ಬರುತ್ತಿದ್ದರೆ ಅಥವಾ ಕ್ಲಚ್ ಜಾರಲು ಶುರುವಾದರೆ ಆಗ ಇಳಿಸಿ. ಆದರೆ ‘ಸೀಲ್ ಹಾಕಿಕೊಡ್ತೀನಿ’ ಅಂದವರಿಗೆ ಯಾವ ಸೀಲ್ ಅಂತ ಕೇಳಿ. ಅಲ್ಲಿ ನೋಡಬೇಕಾದದ್ದು ಕ್ರ್ಯಾಂಕ್ ಮತ್ತು ಅದನ್ನು ಹೊತ್ತ ಮೇನ್ ಬೇರಿಂಗ್ ಸವೆತ. ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಾಯಿಸಿಬಿಡಿ, ಆಯಿಲ್ ಕುಡಿದ ಪ್ಲೇಟ್ ತೊಳೆದರೂ ಹಿಡಿಯಲ್ಲ.