ಪಾಠ ಇಲ್ಲದ ಕೆಲಸ ಸಿಕ್ಕಿತು ಎಂದು ಹಿಗ್ಗಬೇಡ

ನಿನ್ನ ಪತ್ರ ಓದಿದೆ. ನಿನ್ನ ದೊಡ್ಡಕ್ಕ ಕಾಸರಗೋಡಿನ ನೀರ್ಚಾಲಿನಲ್ಲಿ ನನ್ನ ಜೊತೆ ಓದಿದವಳು, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಜರ್ಮನಿಯ ಎರಡು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗದಿಂದ ನಿನಗೆ ಪಿಎಚ್‌ಡಿ ಕೆಲಸಕ್ಕೆ ಕರೆ ಬಂದಿದೆ. ಒಂದರಲ್ಲಿ ಪಾಠವೂ ಮಾಡಬೇಕು. ಇನ್ನೊಂದರಲ್ಲಿ ಬರೀ ಸಂಶೋಧನೆ. ಎರಡನೆಯದೇ ಒಳ್ಳೆಯದಲ್ವಾ ಅಕ್ಕ, ಜರ್ಮನ್ ಕಲಿಯಲೇಬೇಕಾ, ಮುಂದೆ ಅಲ್ಲೇ ನೆಲೆ ನಿಲ್ಲಬಹುದಾ ಅಂತ ಕೇಳಿದ್ದೀಯ.

ನಿನ್ನ ಜಾಗದಲ್ಲಿ ನಾನಿದ್ದರೆ ಪಾಠ ಇರುವುದನ್ನೇ ಹಿಡಿಯುತ್ತಿದ್ದೆ.

ಮೊದಲು ಸಂಬಳದ ಮಾತು ಮುಗಿಸಿಬಿಡೋಣ, ಅಪ್ಪ ಕೇಳುವುದು ಅದನ್ನೇ ತಾನೆ. ನಾನು ಪಾಠ ಮಾಡಿಕೊಂಡಿರುವ ಈ ಜರ್ಮನಿಯಲ್ಲಿ ನಮ್ಮ ವಿಷಯದ ಪಿಎಚ್‌ಡಿ ಅಂದರೆ ಹೆಚ್ಚಾಗಿ ನೌಕರಿ, ವಿದ್ಯಾರ್ಥಿವೇತನ ಅಲ್ಲ. ರಾಜ್ಯ ಸರಕಾರಗಳ ವೇತನ ಪಟ್ಟಿಯಲ್ಲಿ ಇ 13 ಎಂಬ ದರ್ಜೆ ಸಿಗುತ್ತದೆ. 2025ರಲ್ಲಿ ಪೂರ್ತಿ ಹುದ್ದೆಗೆ ಆರಂಭದ ಸಂಬಳ ತಿಂಗಳಿಗೆ 4,600 ಯೂರೋ ದಾಟಿತ್ತು. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು ಮದುವೆಯಾಗದವನ ಕೈಗೆ ಬರುವುದು ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಆದರೂ ಧಾರಾಳ ಸಾಕು. ಇತಿಹಾಸ, ಸಾಹಿತ್ಯದವರಿಗೆ ಅರ್ಧ ಹುದ್ದೆ ಕೊಟ್ಟು ಪೂರ್ತಿ ದುಡಿಸುವುದು ಇಲ್ಲಿ ಮಾಮೂಲು. ನಾವು ಕಂಪನಿಗೆ ಓಡಿಹೋಗುತ್ತೇವೆ ಎಂಬ ಹೆದರಿಕೆಗೆ ನಮಗೆ ಹೆಚ್ಚಾಗಿ ಪೂರ್ತಿಯೇ ಕೊಡುತ್ತಾರೆ. ಕರಾರಿನಲ್ಲಿ ನೂರು ಶೇಕಡಾ ಅಂತ ಇದೆಯೇ ನೋಡಿಕೋ.

ಎರಡು ಕರೆಗಳಿಗೆ ನಿಜವಾದ ವ್ಯತ್ಯಾಸ ದುಡ್ಡು ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ. ಪಾಠ ಇರುವ ಹುದ್ದೆಗೆ ವಿಶ್ವವಿದ್ಯಾಲಯದ ಸ್ವಂತ ದುಡ್ಡು. ಪಾಠ ಇಲ್ಲದ್ದು ಹೊರಗಿನ ಯೋಜನೆಯದ್ದಿರಬೇಕು, ಸಂಶೋಧನೆಗೆ ದುಡ್ಡು ಕೊಡುವ ಡಿಎಫ್‌ಜಿ ಎಂಬ ಸಂಸ್ಥೆಯದ್ದೋ ಇಲ್ಲಿನ ಕೇಂದ್ರ ಸಂಶೋಧನಾ ಸಚಿವಾಲಯದ್ದೋ. ಅಂಥ ಯೋಜನೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ನಮ್ಮ ವಿಷಯದಲ್ಲಿ ಪಿಎಚ್‌ಡಿ ಮೂರು ವರ್ಷಕ್ಕೆ ಮುಗಿಯುವುದು ಅಪರೂಪ. ನಾಲ್ಕನೇ ವರ್ಷ ಸಂಬಳ ಯಾರು ಕೊಡುತ್ತಾರೆ ಅಂತ ಆ ಪ್ರೊಫೆಸರರನ್ನು ಈಗಲೇ ಕೇಳು. ಇಲ್ಲಿ ನೇರವಾಗಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸುತ್ತಿ ಬಳಸಿ ಕೇಳಿದರೇ ಅವರಿಗೆ ಅರ್ಥವಾಗುವುದಿಲ್ಲ.

ಇನ್ನೊಂದು ಗಡುವೂ ಇದೆ. 2007ರ ಒಂದು ಕಾನೂನಿನ ಪ್ರಕಾರ ವಿಶ್ವವಿದ್ಯಾಲಯ ತನ್ನ ದುಡ್ಡಿನಲ್ಲಿ ನಿನ್ನನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ. ಮಕ್ಕಳಿದ್ದರೆ ಮಗುವಿಗೆ ಎರಡು ವರ್ಷದಂತೆ ಹೆಚ್ಚಿಗೆ. ಕೊನೆಯಿಲ್ಲದೆ ತಾತ್ಕಾಲಿಕ ಕರಾರಿನಲ್ಲಿ ಜನರನ್ನು ಎಳೆದಾಡಬಾರದು ಅಂತ ಮಾಡಿದ ಮಿತಿ ಇದು. ಆದದ್ದು ಮಾತ್ರ ನಲವತ್ತರ ಹೊತ್ತಿಗೆ ಒಳ್ಳೊಳ್ಳೆಯವರನ್ನು ಮನೆಗೆ ಕಳಿಸುವ ಏರ್ಪಾಡು. ಸಚಿವಾಲಯ ‘ಹಾನ್ನಾ’ ಎಂಬ ಕಾಲ್ಪನಿಕ ಸಂಶೋಧಕಿಯನ್ನು ತೋರಿಸಿ ಇದನ್ನು ಹೊಗಳಿ ಒಂದು ವಿಡಿಯೋ ಮಾಡಿತ್ತು. 2021ರಲ್ಲಿ ‘ನಾನೇ ಹಾನ್ನಾ’ ಅಂತ ಸಂಶೋಧಕರು ತಮ್ಮ ತಮ್ಮ ಕರಾರುಗಳ ಕಥೆ ಬರೆದರು ನೋಡು, ಓದಿದರೆ ಹೊಟ್ಟೆ ಉರಿಯುತ್ತದೆ.

ಇಲ್ಲೇ ನೆಲೆ ನಿಲ್ಲಲು ಪ್ರೊಫೆಸರ್ ಆಗುವುದು ಒಂದು ದಾರಿ. ಆದರೆ ಹುದ್ದೆ ಕಡಿಮೆ. ತಾನಿರುವ ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ್ ಆಗಲು ಸಾಮಾನ್ಯವಾಗಿ ಬಿಡುವುದೂ ಇಲ್ಲ, ಊರು ಬದಲಿಸಬೇಕು. ಇನ್ನೊಂದು, ನನ್ನದು, ಪಾಠ ಜಾಸ್ತಿ ಇರುವ ಕಾಯಂ ಹುದ್ದೆ. ನನಗೆ ಇದು ಸಿಕ್ಕಿದ್ದು ಮೊದಲ ವರ್ಷದವರಿಗೆ ಜರ್ಮನ್‌ನಲ್ಲಿ ಪಾಠ ಮಾಡಬಲ್ಲೆ ಎಂಬ ಕಾರಣಕ್ಕೆ. ನನಗಿಂತ ಒಳ್ಳೆಯ ಪೇಪರ್‌ಗಳಿದ್ದವರು ಆ ಪಟ್ಟಿಯಲ್ಲಿದ್ದರು.

ಈಗ ಪಾಠದ ವಿಷಯ. ನಿನಗೆ ಬರುವುದು ಹೆಚ್ಚಾಗಿ ವಾರಕ್ಕೆ ನಾಲ್ಕು ಪೀರಿಯಡ್, ಒಂದೊಂದು 45 ನಿಮಿಷ. ಪ್ರೊಫೆಸರರಿಗೆ ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಒಂಬತ್ತು. ದೊಡ್ಡ ಹಾಲ್‌ನ ಪಾಠ ಅವರದ್ದು. ವಾರ ವಾರದ ಲೆಕ್ಕದ ಹಾಳೆ ತಯಾರಿಸುವುದು, ಅದನ್ನು ತಿದ್ದುವ ಹಿರಿಯ ವಿದ್ಯಾರ್ಥಿಗಳನ್ನು ಸಂಭಾಳಿಸುವುದು, ಅಭ್ಯಾಸದ ತರಗತಿ, ಪ್ರಶ್ನೆಪತ್ರಿಕೆಯ ಕರಡು, ಇವೆಲ್ಲ ನಿನ್ನದು. ಎಷ್ಟೋ ವಿಷಯಗಳಲ್ಲಿ ಆ ಹಾಳೆಗಳಲ್ಲಿ ಅರ್ಧ ಅಂಕ ತೆಗೆದರೆ ಮಾತ್ರ ಪರೀಕ್ಷೆಗೆ ಬಿಡುತ್ತಾರೆ. ಹಾಜರಿ ಕರೆಯುವುದಿಲ್ಲ. 75 ಶೇಕಡಾ ಹಾಜರಿಗಾಗಿ ಜ್ವರದಲ್ಲೂ ಬಸ್ಸು ಹಿಡಿದ ನಮಗೆ ಇದು ವಿಚಿತ್ರ. ಅಕ್ಟೋಬರಿನಲ್ಲಿ ಮೆಟ್ಟಿಲ ಮೇಲೂ ಕೂತಿರುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಅರ್ಧ ಹಾಲ್ ಖಾಲಿ. ಅವಮಾನ ಅಂದುಕೊಳ್ಳಬೇಡ. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ ‘ಸಿ.ಟಿ.’ ಅಂತ ಇದ್ದರೆ ಪಾಠ ಶುರುವಾಗುವುದು ಹತ್ತೂ ಕಾಲಿಗೆ. ಪಾಠ ಮುಗಿದಾಗ ಎಲ್ಲರೂ ಗೆಣ್ಣಿನಿಂದ ಡೆಸ್ಕ್ ಕುಟ್ಟುತ್ತಾರೆ. ಗಲಾಟೆಯಲ್ಲ, ಅದೇ ಇಲ್ಲಿನ ಚಪ್ಪಾಳೆ.

ಅಂಕ ನಮ್ಮದಕ್ಕೆ ಉಲ್ಟಾ. 1.0 ಎಲ್ಲಕ್ಕಿಂತ ಮೇಲು, 4.0 ಪಾಸು, 5.0 ಫೇಲು. ಹೆಚ್ಚಿನ ಕಡೆ ಒಂದು ಕಡ್ಡಾಯ ವಿಷಯದಲ್ಲಿ ಮೂರು ಸಲ ಫೇಲಾದರೆ ಆ ಪದವಿ ಅಲ್ಲಿಗೆ ಮುಗಿಯಿತು. ಅದೇ ಕೋರ್ಸನ್ನು ಬೇರೆ ಊರಿನಲ್ಲಿ ಹೋಗಿ ಮುಂದುವರಿಸಲೂ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಅರ್ಧ ಅಂಕಕ್ಕೂ ಜೀವದ ಬೆಲೆ. ಉತ್ತರಪತ್ರಿಕೆ ತೋರಿಸಲು ಒಂದು ದಿನ ಇಡುತ್ತಾರೆ. ಆ ದಿನ ಸಾಲಾಗಿ ಬರುತ್ತಾರೆ. ಈ ಅಲ್ಗಾರಿದಮ್ ಸುತ್ತುತ್ತಲೇ ಇರದೆ ಕೊನೆಗೆ ನಿಲ್ಲುತ್ತದೆ ಅಂತ ನಾನು ತೋರಿಸಿದ್ದೇನಲ್ಲ, ಅರ್ಧ ಅಂಕ ಯಾಕೆ ಹೋಯಿತು ಅಂತ ಕೇಳುತ್ತಾರೆ. ಮರ್ಯಾದೆಯಿಂದಲೇ ಕೇಳುತ್ತಾರೆ, ಬಿಡುವುದಿಲ್ಲ. ನೀನು ಜರ್ಮನ್‌ನಲ್ಲಿ ಕಾರಣ ಕೊಡಬೇಕು. ‘ನಾನು ಹೇಳಿದೆ, ಅಷ್ಟೇ’ ಎಂಬ ನಮ್ಮ ಮೇಷ್ಟ್ರ ಉತ್ತರ ಇಲ್ಲಿ ನಡೆಯದು. ಭಾಷೆ ಮಾತ್ರ ಅಲ್ಲ, ವಿಷಯವೂ ನನಗೆ ಗಟ್ಟಿಯಾದದ್ದು ಆ ಮೇಜಿನ ಮುಂದೆಯೇ. ಕೋಡ್ ಬರೆಯುವುದರಲ್ಲಿ ನಮ್ಮ ಹುಡುಗರು ಚುರುಕು. ಅದು ಯಾಕೆ ಸರಿ ಅಂತ ಗಣಿತದ ಹಾಗೆ ಸಾಧಿಸಿ ಬರೆದು ತೋರಿಸು ಅಂದರೆ ತಡವರಿಸುತ್ತಾರೆ. ಅದನ್ನು ಬೇರೆಯವರಿಗೆ ಕಲಿಸುತ್ತಲೇ ಕಲಿಯಬೇಕು.

ಜರ್ಮನ್ ಬೇಕಾ ಅಂದರೆ, ಸಂಶೋಧನೆಗೆ ಬೇಡ. ಲ್ಯಾಬಿನಲ್ಲಿ, ಮಾಸ್ಟರ್ಸ್ ಪಾಠಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಬ್ಯಾಚುಲರ್ ಪಾಠ, ವಿಭಾಗದ ಸಭೆ, ಪರೀಕ್ಷಾ ನಿಯಮ, ಆಡಳಿತ ಕಚೇರಿಯ ಇಮೇಲ್ ಹೆಚ್ಚಾಗಿ ಜರ್ಮನ್‌ನಲ್ಲೇ. ಇಂಗ್ಲಿಷ್ ನಂಬಿಕೊಂಡವರು ಎಷ್ಟು ವರ್ಷವಾದರೂ ಅತಿಥಿಗಳ ಹಾಗೆ ಇದ್ದು ಹೋಗುವುದನ್ನು ನೋಡಿದ್ದೇನೆ.

ಕನ್ನಡದಲ್ಲಿ ಓದಿ, ಮನೆಯಲ್ಲಿ ತುಳು ಮಾತಾಡಿ, ಪೊವ್ವಲಿನ ಎಲ್‌ಬಿಎಸ್ ಕಾಲೇಜಿನಲ್ಲಿ ಮಲಯಾಳದ ಗೆಳೆಯರ ನಡುವೆ ಬಿ.ಟೆಕ್ ಮಾಡಿದವನು ನೀನು. ಇನ್ನೊಂದು ಭಾಷೆಗೆ ಹೆದರುವುದೇಕೆ? ಒಂದು ವ್ಯತ್ಯಾಸ ಮಾತ್ರ ತಲೆಯಲ್ಲಿರಲಿ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಮಲಯಾಳದ ಅರ್ಜಿ ಕೊಟ್ಟರೆ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಮ್ಮ ಹಕ್ಕು. 1956ರಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಬಂದು ನಮ್ಮನ್ನು ಕೇರಳಕ್ಕೆ ಸೇರಿಸಿತು. ಇಲ್ಲಿಗೆ ಗಡಿ ದಾಟಿ ಬಂದವರು ನಾವು. ಹಾಗಾಗಿ ತಕರಾರಿಲ್ಲದೆ ಕಲಿ. ನಮ್ಮ ಕಡೆಯವರು ಬೆಂಗಳೂರಿನವರಿಗಿಂತ ಬೇಗ ಕಲಿಯುತ್ತಾರೆ ಎಂದು ನನ್ನ ನಂಬಿಕೆ, ಪಕ್ಷಪಾತ ಅಂದರೂ ಸರಿ. ಕುಂಬಳೆ ಪೇಟೆಯಲ್ಲಿ ಮೀನು ತರಲು ಮೂರು ಭಾಷೆ ಬಳಸಿದವನಿಗೆ ತಪ್ಪು ಮಾತಾಡಲು ನಾಚಿಕೆ ಇರುವುದಿಲ್ಲ. ಹೊರಡುವ ಮುಂಚೆ ಜರ್ಮನ್ ಕಲಿಕೆಯ ಆರು ಹಂತಗಳಲ್ಲಿ ಎರಡನೆಯದಾದ ಎ2 ಮುಗಿಸು. ನಾಲ್ಕನೆಯದಾದ ಬಿ2 ಆದ ಮೇಲೆ ಅಭ್ಯಾಸದ ತರಗತಿಯನ್ನು ಜರ್ಮನ್‌ನಲ್ಲೇ ಕೊಡಿ ಅಂತ ನೀನಾಗಿ ಕೇಳಿ ತೆಗೆದುಕೋ.

ಸಂಶೋಧನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲಾ ದೇಶದಲ್ಲೂ ಒಂದೇ. ನಮ್ಮ ವಿಷಯದಲ್ಲಿ ಜರ್ನಲ್‌ಗಿಂತ ಕಾನ್ಫರೆನ್ಸ್ ಮುಖ್ಯ. ಹೆಸರಾದ ಕಾನ್ಫರೆನ್ಸುಗಳಲ್ಲಿ ಹತ್ತು ಪೇಪರಿನಲ್ಲಿ ಎರಡೋ ಮೂರೋ ದಾಟುತ್ತವೆ. ಇಲ್ಲಿಯದೇ ಒಂದು ಸುಖ ಅಂದರೆ ಸಾರ್‌ಲ್ಯಾಂಡಿನ ಡಾಗ್‌ಸ್ಟುಲ್. 1990ರಲ್ಲಿ ಶುರುವಾದ ಕೇಂದ್ರ. ನಮ್ಮ ವಿಷಯದ ದೊಡ್ಡ ದೊಡ್ಡವರು ಹಳ್ಳಿಯೊಂದರ ಹಳೇ ಬಂಗಲೆಯಲ್ಲಿ ವಾರವಿಡೀ ಕೂತು ಚರ್ಚಿಸುತ್ತಾರೆ. ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಬದಲಿಸುತ್ತಾರೆ. ಕರೆ ಬಂದರೆ ಬಿಡಬೇಡ.

ಅಪ್ಪನ ತೋಟ ನೋಡಿಕೊಳ್ಳಲು ವಾಪಸ್ ಬರಬೇಕಾಗಬಹುದು ಅಂತಲೂ ಬರೆದಿದ್ದೀಯ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಅರ್ಜಿ ಹಾಕುವ ಯೋಚನೆ ಇದ್ದರೆ ಒಂದು ವಿಷಯ. 2018ರ ಯುಜಿಸಿ ನಿಯಮದಲ್ಲಿ ಜಗತ್ತಿನ ಮೊದಲ 500 ರ‍್ಯಾಂಕಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌ಡಿಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಕೊಟ್ಟಿದ್ದಾರೆ. ನಿನಗೆ ಬಂದ ಎರಡರಲ್ಲಿ ಯಾವುದು ಆ ಪಟ್ಟಿಯಲ್ಲಿದೆ ನೋಡು. ಪಾಠ ಮಾಡಿದ ಅನುಭವದ ಪತ್ರ ಅಲ್ಲೂ ಕೆಲಸಕ್ಕೆ ಬರುತ್ತದೆ.

ಕೇರಳದವರ ವೀಸಾ ನೋಡುವುದೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ. ಅದಕ್ಕೆ ಮುಂಚೆ ಪಾಸ್‌ಪೋರ್ಟು, ಎಸ್‌ಎಸ್‌ಎಲ್‌ಸಿ ಪುಸ್ತಕ, ಬಿ.ಟೆಕ್ ಸರ್ಟಿಫಿಕೇಟು ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡು. ನಮ್ಮ ಇನಿಷಿಯಲ್ಲುಗಳು ಒಂದರಲ್ಲಿ ಬಿಡಿಸಿ, ಇನ್ನೊಂದರಲ್ಲಿ ಮಡಚಿ ಇರುತ್ತವೆ. ಇಲ್ಲಿನ ಕಚೇರಿಯವರು ಅದನ್ನು ಇಬ್ಬರು ಮನುಷ್ಯರು ಅಂತಲೇ ಲೆಕ್ಕ ಹಾಕುತ್ತಾರೆ. ಮೊದಲ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಮನೆಯ ಮುಂಗಡ ಮೂರು ತಿಂಗಳ ಬಾಡಿಗೆಯಷ್ಟು ಕೇಳಬಹುದು, ಅಷ್ಟು ದುಡ್ಡು ಕೈಯಲ್ಲಿರಲಿ. ಎರಡೂ ಕರಾರಿನ ಮೊದಲ ಪುಟದ ಫೋಟೋ ಕಳಿಸು, ದುಡ್ಡು ಯಾವ ಲೆಕ್ಕದ್ದು ಅಂತ ನೋಡಿ ಹೇಳುತ್ತೇನೆ.