ಒಂದು ಕಂಪನಿಗೆ ಶಿರಸಿ ಅಡಿಕೆ ತೋಟದ ಸರ್ವೆ ಮಾಡಿಕೊಟ್ಟೆ, ಆ ಡೇಟಾ ಇಟ್ಕೊಂಡು ನಾನು ರಿಸರ್ಚ್ ಪೇಪರ್ ಬರೀಬಹುದಾ?

ಅಗ್ರಿಮೆಂಟಲ್ಲಿ ಏನ್ ಬರ್ದಿದೆ ಅನ್ನೋದೇ ಮುಖ್ಯ ಮಾರಾಯ್ರೆ. ಸಂಬಳದ ನೌಕರಿ ಆಗಿದ್ರೆ ರಿಪೋರ್ಟಿನ ಕಾಪಿರೈಟ್ ಸಾಮಾನ್ಯವಾಗಿ ಕಂಪನಿದು, ಆದ್ರೆ ನೀವು ಹೊರಗಿನ ಕನ್ಸಲ್ಟೆಂಟ್ ಆಗಿದ್ರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವ್ರೇ ಮೊದಲ ಮಾಲೀಕ್ರು, ಸಹಿ ಹಾಕಿ ಲಿಖಿತವಾಗಿ ಬಿಟ್ಟುಕೊಟ್ರೆ ಮಾತ್ರ ಕಂಪನಿಗೆ ಹೋಗತ್ತೆ, ಅದ್ರಲ್ಲೂ ಅವಧಿ ಬರೀದೇ ಇದ್ರೆ 5 ವರ್ಷ ಅಂತ ಲೆಕ್ಕ (ಇದನ್ನ ಹೆಚ್ಚಿನವ್ರು ನೋಡೋದೇ ಇಲ್ಲ). ಆದ್ರೆ ಎಕರೆಗೆ ಎಷ್ಟು ಮರ, ಕೊಳೆರೋಗ ಎಷ್ಟು ಅನ್ನೋ ಬರೀ ಮಾಹಿತಿಗೆ ಕಾಪಿರೈಟ್ ಇಲ್ಲ, ಅದಕ್ಕೇ ಕಂಪನಿಯವ್ರು ಗೋಪ್ಯತೆ ಷರತ್ತು ಹಾಕಿ ಕಟ್ಟಿಹಾಕೋದು. ಅದನ್ನ ಮೊದ್ಲು ಓದಿ, ಇದ್ರೆ ಕಂಪನಿ ಹತ್ರ ಇಮೇಲಲ್ಲಿ ಪರ್ಮಿಷನ್ ಕೇಳಿ. ರೈತರ ಹೆಸ್ರು, ಫೋನ್ ನಂಬರ್ ಮಾತ್ರ ಕಂಪನಿ ಒಪ್ಪಿದ್ರೂ ಹಾಕ್ಬೇಡಿ, ಅದಕ್ಕೆ ರೈತರೇ ಒಪ್ಪಬೇಕು.