ಸಂಪಾದಕರ ಉತ್ತರ: ಆ ರಾಜ ಬೇರೆ, ಈ ರಾಜ ಬೇರೆ

ಮೈಸೂರಿನ ಓದುಗರೊಬ್ಬರ ಆಕ್ಷೇಪ ಇದು: “ಶ್ರೀಲಂಕಾದ ಕ್ಯಾಂಡಿಯಲ್ಲಿ ಬುದ್ಧನ ಹಲ್ಲನ್ನಿಟ್ಟಿರುವ ದೇವಾಲಯದ ವಾರ್ಷಿಕ ಮೆರವಣಿಗೆ ಎಸಳ ಪೆರಹೆರ ಕುರಿತ ಲೇಖನದಲ್ಲಿ, ದೇವಾಲಯದ ಮ್ಯೂಸಿಯಂನಲ್ಲಿಟ್ಟ ಆನೆಯ ಚಿತ್ರದಡಿ ‘ಮೈಸೂರಿನಲ್ಲಿ ಹುಟ್ಟಿದ ರಾಜ’ ಎಂದಿದೆ. ಅದು 1988ರಲ್ಲೇ ಸತ್ತ ಆನೆ. ನಮ್ಮ ಆನೆ ಮೊನ್ನೆ ಮೊನ್ನೆವರೆಗೂ ಇತ್ತಲ್ಲವೆ?”

ನೀವೇ ಸರಿ. ಇಬ್ಬರು ರಾಜರನ್ನು ನಾವು ಒಂದೇ ಕಂಬಕ್ಕೆ ಕಟ್ಟಿಬಿಟ್ಟೆವು. ಮ್ಯೂಸಿಯಂನಲ್ಲಿ ದೇಹ ಕಾಪಿಟ್ಟಿರುವುದು ಮಾಳಿಗಾವದ, ಅಂದರೆ ಆ ದೇವಾಲಯದ, ರಾಜ, ಲಂಕೆಯ ಕಾಡಿನದೇ. 1986ರಲ್ಲಿ ಅದನ್ನು ರಾಷ್ಟ್ರೀಯ ಸಂಪತ್ತು ಎಂದು ಸಾರಿದ್ದರು.

ಮೈಸೂರಿನದು ನೆದುನ್‌ಗಮುವ ಎಂಬ ಲಂಕೆಯ ಊರಿನ ರಾಜ. ಹುಟ್ಟಿದ್ದು 1953ರಲ್ಲಿ. ಮಹಾರಾಜರ ಬಂಧುವೊಬ್ಬರ ಕಾಯಿಲೆ ವಾಸಿಮಾಡಿದ ಲಂಕೆಯ ವೈದ್ಯ ಭಿಕ್ಷುವಿಗೆ ಕಾಣಿಕೆಯಾಗಿ ಹೋದ ಎರಡು ಮರಿಗಳಲ್ಲಿ ಇದೊಂದು ಎಂದು ಅಲ್ಲಿ ಹೇಳುತ್ತಾರೆ. ಬೆಳೆದು ಹತ್ತೂವರೆ ಅಡಿ ಎತ್ತರವಾಯಿತು. ಪ್ರತಿವರ್ಷ ಪೆರಹೆರಕ್ಕೆ ಊರಿನಿಂದ ಕ್ಯಾಂಡಿಗೆ ಸುಮಾರು 90 ಕಿ.ಮೀ. ನಡೆದೇ ಹೋಗುತ್ತಿತ್ತು. 2015ರಲ್ಲಿ ರಸ್ತೆಯಲ್ಲಿ ಬೈಕೊಂದು ಇನ್ನೇನು ಗುದ್ದೇಬಿಡುತ್ತಿತ್ತು. ಆಮೇಲೆ ಬಂದೂಕು ಹಿಡಿದ ಸೈನಿಕರೇ ಕಾವಲಿಗೆ ಬಂದರು. ಮಂತ್ರಿಗಳಿಗೆ ಬೆಂಗಾವಲು ನೋಡಿ ಬೇಸತ್ತ ನಮಗೆ ಇದೊಂದು ಸಮಾಧಾನ!

ಅಷ್ಟು ದೂರದ ಮರಿಗೆ ಅಲ್ಲೇಕೆ ಅಷ್ಟು ಬೆಲೆ? ನಮ್ಮ ಕಾಡಿನಲ್ಲಿ ಗಂಡಾನೆ ಎಂದರೆ ಬಹುಪಾಲು ದಂತವಿದ್ದದ್ದೇ. ಲಂಕೆಯಲ್ಲಿ ನೂರು ಗಂಡಾನೆಗಳಲ್ಲಿ ಹತ್ತಕ್ಕೂ ದಂತವಿಲ್ಲ. ಪೆರಹೆರದಲ್ಲಿ ಕರಂಡುವ ಎಂಬ ಪವಿತ್ರ ಪೆಟ್ಟಿಗೆ ಹೊರುವ ಆನೆಗೆ ದಂತ ಬೇಕೇ ಬೇಕು. ಲಕ್ಷಣವೂ ಕೂಡಿಬರಬೇಕು: ನಾಲ್ಕು ಕಾಲು, ಸೊಂಡಿಲು, ಬಾಲ, ಜನನೇಂದ್ರಿಯ ಈ ಏಳೂ ನೆಲ ಮುಟ್ಟಬೇಕಂತೆ. ಕರಂಡುವ ಎಂದರೆ ನಮ್ಮ ಕರಡಿಗೆಯ ದಾಯಾದಿ. ಬುದ್ಧನ ದಂತಧಾತು, ಅಂದರೆ ಹಲ್ಲು, ದೇವಾಲಯದ ಒಳಗೇ ಉಳಿಯುತ್ತದೆ, ಮೆರವಣಿಗೆಗೆ ಬರುವುದು ಕರಂಡುವ ಮಾತ್ರ. ಅದನ್ನು ಹೊತ್ತ ಆನೆ ಬರಿ ನೆಲ ಮೆಟ್ಟುವಂತಿಲ್ಲ. ಮುಂದೆ ಬಿಳಿ ನಡೆಮಡಿ ಹಾಸುತ್ತಾರೆ. ಆನೆ ದಾಟಿದ್ದೇ ಹಿಂದಿನದನ್ನು ಬಾಚಿಕೊಂಡು ಮುಂದಕ್ಕೆ ಓಡುತ್ತಾರೆ. ಪಂಜಿನ ಬೆಳಕಲ್ಲಿ, ಡೋಲಿನ ಸದ್ದಿನ ನಡುವೆ, ಆನೆ ಮಾತ್ರ ಅವಸರವಿಲ್ಲದೆ ಒಂದೊಂದೇ ಕಾಲಿಡುತ್ತದೆ.

‘ನಮ್ಮ ಆನೆ’ ಎಂಬ ಮಾತಿಗೆ ಮಾತ್ರ ನನ್ನ ಸಣ್ಣ ತಕರಾರು. ಮರಿಯಾಗಿ ಹೋದದ್ದು ತಿರುಗಿ ಬರಲಿಲ್ಲ. 2022ರ ಮಾರ್ಚ್ 7ರಂದು ಅದು ತೀರಿಕೊಂಡಾಗ ಕಣ್ಣೀರಿಟ್ಟು, ಕೈಮುಗಿದು ನಿಂತವರು ಆ ಊರಿನವರು.

ಅದರ ದೇಹವನ್ನೂ ಕಾಪಿಡಲು ಆಗಿನ ಅಧ್ಯಕ್ಷರು ಆದೇಶಿಸಿದ್ದರು. ಇನ್ನು ಮೇಲೆ ಚಿತ್ರ ಅಚ್ಚಿಗೆ ಕಳಿಸುವ ಮುನ್ನ ‘ಯಾವ ರಾಜ?’ ಎಂದು ಎರಡು ಸಲ ಕೇಳುತ್ತೇವೆ.